ಡಿ.ವೈ. ಪಾಟೀಲ್ ಕ್ರೀಡಾಂಗಣ: ಬೆಂಗಳೂರಿನ ಕೈತಪ್ಪಿದ ಪಂದ್ಯಗಳಿಗೆ ಎರಡು ಬಾರಿ ಆಸರೆಯಾದ ನೆರೂಲ್ ಮೈದಾನ, ಕಟ್ಟಿದ್ದು ಯಾರು, ವಿನ್ಯಾಸದ ವಿಶೇಷವೇನು?

2025ರ ನವೆಂಬರ್ 2ರ ರಾತ್ರಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಏಕದಿನ ವಿಶ್ವಕಪ್ ಗೆದ್ದಿದ್ದು ನವಿ ಮುಂಬೈನ ನೆರೂಲ್‌ನಲ್ಲಿರುವ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ. ಆದರೆ ಟೂರ್ನಿಯ ಮೊದಲ ವೇಳಾಪಟ್ಟಿಯಲ್ಲಿ ಈ ಮೈದಾನದ ಹೆಸರೇ ಇರಲಿಲ್ಲ. ಅಲ್ಲಿದ್ದ ಹೆಸರು ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದ್ದು. ಅದೇ ವರ್ಷದ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಗೇಟುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ನಂತರ ಪಂದ್ಯಗಳು ಬೆಂಗಳೂರಿನಿಂದ ಹೊರಟು ನೆರೂಲ್ ಸೇರಿದವು.

ಹೀಗಾಗಿದ್ದು ಇದೇ ಮೊದಲಲ್ಲ. 2010ರಲ್ಲೂ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಐಪಿಎಲ್ ಸೆಮಿಫೈನಲ್‌ಗಳು ಇದೇ ಮೈದಾನಕ್ಕೆ ಸ್ಥಳಾಂತರಗೊಂಡಿದ್ದವು. ಯಾವುದೇ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಸೇರದ, ಶಿಕ್ಷಣ ಸಂಸ್ಥೆಯೊಂದರ ಆವರಣದಲ್ಲಿ ಎದ್ದು ನಿಂತ ಈ ಖಾಸಗಿ ಕ್ರೀಡಾಂಗಣ ಹುಟ್ಟಿದ್ದು ಹೇಗೆ? ಪುರುಷರ ಒಂದೇ ಒಂದು ಅಂತಾರಾಷ್ಟ್ರೀಯ ಪಂದ್ಯವೂ ನಡೆಯದ ಈ ಮೈದಾನ ಮಹಿಳಾ ಕ್ರಿಕೆಟ್‌ನ ತವರಾಗಿದ್ದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ.

ಒಂದು ನೋಟದಲ್ಲಿ

- ಸ್ಥಳ: ನೆರೂಲ್, ನವಿ ಮುಂಬೈ, ಸಯಾನ್–ಪನ್ವೇಲ್ ಹೆದ್ದಾರಿಯ ಪಕ್ಕ
- ಉದ್ಘಾಟನೆ: 2008ರ ಮಾರ್ಚ್ 4
- ವಾಸ್ತುಶಿಲ್ಪಿ: ಹಫೀಜ್ ಕಾಂಟ್ರ್ಯಾಕ್ಟರ್
- ಒಡೆತನ: ಡಿ.ವೈ. ಪಾಟೀಲ್ ಸಮೂಹ
- ಆಸನ ಸಾಮರ್ಥ್ಯ: ಆರಂಭದಲ್ಲಿ 55 ಸಾವಿರ ಎಂದು ಹೇಳಲಾಗಿತ್ತು, ಈಗ ಸುಮಾರು 45 ಸಾವಿರ
- ಹತ್ತಿರದ ರೈಲು ನಿಲ್ದಾಣಗಳು: ನೆರೂಲ್, ಜುಯಿನಗರ

ಮೊದಲು ಊರು, ಆಮೇಲೆ ಮೈದಾನ

ಈ ಕ್ರೀಡಾಂಗಣದ ಕಥೆ ತಿಳಿಯಬೇಕಾದರೆ ಅದು ನಿಂತಿರುವ ಊರಿನ ಕಥೆಯನ್ನು ಸ್ವಲ್ಪ ತಿಳಿಯಬೇಕು. ಮುಂಬೈ ನಗರ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡು ಉಸಿರುಗಟ್ಟುತ್ತಿದ್ದಾಗ, ಕೊಲ್ಲಿಯ ಆಚೆ ದಡದಲ್ಲಿ ಹೊಸ ನಗರವೊಂದನ್ನು ಕಟ್ಟಬೇಕೆಂಬ ಆಲೋಚನೆಯನ್ನು 1960ರ ದಶಕದಲ್ಲಿ ಮುಂದಿಟ್ಟವರು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್. ಆ ಯೋಜನೆಯನ್ನು ಜಾರಿಗೆ ತರಲು ಮಹಾರಾಷ್ಟ್ರ ಸರ್ಕಾರ 1970ರ ಮಾರ್ಚ್‌ನಲ್ಲಿ ಸಿಡ್ಕೊ ಎಂಬ ನಿಗಮವನ್ನು ಸ್ಥಾಪಿಸಿತು. ವಾಶಿ, ನೆರೂಲ್, ಬೇಲಾಪುರ ಹೀಗೆ ಒಂದೊಂದು ಬಡಾವಣೆಯನ್ನೂ ನಕ್ಷೆ ಹಾಕಿ, ಸೆಕ್ಟರ್‌ಗಳಾಗಿ ಹಂಚಿ ಕಟ್ಟಲಾಯಿತು.

ಆದರೆ ಊರು ತುಂಬಲು ರೈಲು ಬರಬೇಕಾಯಿತು. ಹಾರ್ಬರ್ ಮಾರ್ಗದ ಲೋಕಲ್ ರೈಲು ಕೊಲ್ಲಿ ದಾಟಿ ವಾಶಿಗೆ ಬಂದಿದ್ದು 1992ರಲ್ಲಿ. ಮರುವರ್ಷ ಅದು ನೆರೂಲ್ ದಾಟಿ ಬೇಲಾಪುರ ಮುಟ್ಟಿತು. 2004ರಲ್ಲಿ ಠಾಣೆಯಿಂದ ವಾಶಿ ಕಡೆಗೆ ಟ್ರಾನ್ಸ್‌ಹಾರ್ಬರ್ ಮಾರ್ಗದಲ್ಲಿ ಪ್ರಯಾಣಿಕ ರೈಲು ಓಡತೊಡಗಿತು. ಇದರಿಂದ ಠಾಣೆ, ಡೊಂಬಿವಲಿ, ಕಲ್ಯಾಣದ ಜನರಿಗೆ ಕುರ್ಲಾ ಸುತ್ತಿಕೊಂಡು ಬರುವ ತಾಪತ್ರಯ ತಪ್ಪಿತು. ಠಾಣೆಯಲ್ಲಿ ಒಮ್ಮೆ ರೈಲು ಬದಲಿಸಿದರೆ ನವಿ ಮುಂಬೈ ಸಿಗುತ್ತದೆ.

ಕ್ರಿಕೆಟ್ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ಈ ಭಾಗದ ಹುಡುಗರು ಆಡಬೇಕಾದರೂ, ಆಟ ನೋಡಬೇಕಾದರೂ ದಕ್ಷಿಣ ಮುಂಬೈಗೇ ಹೋಗಬೇಕಿತ್ತು. ಠಾಣೆಯಲ್ಲಿ 1982ರಿಂದ ದಾದೋಜಿ ಕೊಂಡದೇವ ಕ್ರೀಡಾಂಗಣವಿದೆ, ಡೊಂಬಿವಲಿಯಲ್ಲಿ ಸಾವಳಾರಾಮ ಮಹಾರಾಜ ಕ್ರೀಡಾ ಸಂಕೀರ್ಣವಿದೆ. ಆದರೆ ದೊಡ್ಡ ಪಂದ್ಯ ಎಂದರೆ ವಾಂಖೆಡೆ ಅಥವಾ ಬ್ರೆಬೋರ್ನ್, ಅಭ್ಯಾಸ ಎಂದರೆ ಆಜಾದ್ ಮೈದಾನ ಅಥವಾ ಶಿವಾಜಿ ಪಾರ್ಕ್. ಡೊಂಬಿವಲಿಯಲ್ಲಿ ಬೆಳೆದ ಅಜಿಂಕ್ಯ ರಹಾನೆ ಕಿಟ್‌ಬ್ಯಾಗ್ ಹೊತ್ತು ತುಂಬಿದ ಲೋಕಲ್‌ನಲ್ಲಿ ಓಡಾಡಿಯೇ ಕ್ರಿಕೆಟಿಗರಾದವರು.

ಕಟ್ಟಿಸಿದ್ದು ಯಾರು?

ಮುಂಬೈನ ಮೂರು ದೊಡ್ಡ ಕ್ರಿಕೆಟ್ ಮೈದಾನಗಳನ್ನು ಕಟ್ಟಿಸಿದವರು ಬೇರೆ ಬೇರೆ. 1937ರಲ್ಲಿ ಸಿದ್ಧವಾದ ಬ್ರೆಬೋರ್ನ್ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ್ದು. ಟಿಕೆಟ್ ಹಂಚಿಕೆಯ ವಿಚಾರದಲ್ಲಿ ಆ ಕ್ಲಬ್ ಜತೆ ಮನಸ್ತಾಪ ಬಂದ ಬಳಿಕ ಮುಂಬೈ ಕ್ರಿಕೆಟ್ ಸಂಸ್ಥೆ ಹತ್ತಿರದಲ್ಲೇ ತನ್ನದೇ ಆದ ವಾಂಖೆಡೆಯನ್ನು ಕಟ್ಟಿಕೊಂಡಿತು. ಅಲ್ಲಿ 1975ರಲ್ಲಿ ಮೊದಲ ಟೆಸ್ಟ್ ನಡೆಯಿತು. ಮೂರನೆಯದಾದ ನೆರೂಲ್ ಮೈದಾನದ ಹಿಂದೆ ಕ್ಲಬ್ಬೂ ಇಲ್ಲ, ಕ್ರಿಕೆಟ್ ಸಂಸ್ಥೆಯೂ ಇಲ್ಲ. ಅದನ್ನು ಕಟ್ಟಿಸಿದವರು ಶಿಕ್ಷಣೋದ್ಯಮಿ.

ಕೊಲ್ಹಾಪುರ ಮೂಲದ ಜ್ಞಾನದೇವ ಯಶವಂತರಾವ್ ಪಾಟೀಲ್ ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ ಶಾಸಕರಾಗಿದ್ದವರು. 1980ರ ದಶಕದಲ್ಲಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳನ್ನು ತೆರೆದು ದೊಡ್ಡ ಶಿಕ್ಷಣ ಸಮೂಹವನ್ನೇ ಕಟ್ಟಿದರು. 1991ರಲ್ಲಿ ಪದ್ಮಶ್ರೀ ಪಡೆದರು. ಮುಂದೆ ತ್ರಿಪುರ ಮತ್ತು ಬಿಹಾರದ ರಾಜ್ಯಪಾಲರೂ ಆದರು. ಅವರ ಪುತ್ರ ವಿಜಯ್ ಪಾಟೀಲ್ ಡಿ.ವೈ. ಪಾಟೀಲ್ ಕ್ರೀಡಾ ಅಕಾಡೆಮಿಯನ್ನು ಮುನ್ನಡೆಸಿದವರು. ಮುಂಬೈ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿಯೂ ಕೆಲಸ ಮಾಡಿದ್ದಾರೆ.

ನೆರೂಲ್‌ನ ವಿಶ್ವವಿದ್ಯಾಲಯದ ಆವರಣದಲ್ಲೇ ಕ್ರೀಡಾಂಗಣ ನಿಂತಿದೆ. ಹಾಗಾಗಿ ಪಂದ್ಯವಿಲ್ಲದ ದಿನವೂ ಇಲ್ಲಿ ಬೀಗ ಹಾಕಿದ ಕಟ್ಟಡದ ಕಳೆ ಇರುವುದಿಲ್ಲ. ಟೆನಿಸ್ ಅಂಕಣ, ಬ್ಯಾಡ್ಮಿಂಟನ್ ಅಂಕಣ, ಈಜುಕೊಳ ಎಲ್ಲವೂ ಅದೇ ಸಂಕೀರ್ಣದ ಭಾಗ. ಕಂಪನಿ ತಂಡಗಳು ಸೆಣಸುವ ಡಿ.ವೈ. ಪಾಟೀಲ್ ಟಿ20 ಕಪ್ ಕೂಡ ದೇಶದ ಕ್ರಿಕೆಟ್ ವಲಯದಲ್ಲಿ ಪರಿಚಿತ ಟೂರ್ನಿ. ಗಾಯದಿಂದ ಚೇತರಿಸಿಕೊಂಡ ಭಾರತ ತಂಡದ ಆಟಗಾರರು ಐಪಿಎಲ್‌ಗೂ ಮುನ್ನ ಕಾಲು ಗಟ್ಟಿ ಮಾಡಿಕೊಳ್ಳಲು ಇಲ್ಲಿಗೆ ಬರುವುದುಂಟು.

ಕಂಬವಿಲ್ಲದ ಛಾವಣಿ: ವಿನ್ಯಾಸದ ಗುಟ್ಟು

ಕ್ರೀಡಾಂಗಣದ ವಿನ್ಯಾಸ ಹಫೀಜ್ ಕಾಂಟ್ರ್ಯಾಕ್ಟರ್ ಅವರದು. ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್‌ನಲ್ಲಿರುವ, ಸಾಲುಗಂಬಗಳ ಭವ್ಯ ಗ್ಲೋಬಲ್ ಎಜುಕೇಶನ್ ಸೆಂಟರ್ ಕಟ್ಟಡವನ್ನು ಕಂಡವರಿಗೆ ಇವರ ಕೈಚಳಕ ಗೊತ್ತಿರುತ್ತದೆ. ಮೈಸೂರಿನಲ್ಲಿ ಕಂಬಗಳನ್ನೇ ಮೆರೆಸಿದ ಅದೇ ವಾಸ್ತುಶಿಲ್ಪಿ ನೆರೂಲ್‌ನಲ್ಲಿ ಕಂಬಗಳನ್ನೇ ಕೈಬಿಟ್ಟಿದ್ದಾರೆ.

ಹಳೆಯ ಕ್ರೀಡಾಂಗಣಗಳಲ್ಲಿ ಪಂದ್ಯ ನೋಡಿದವರಿಗೆ ಒಂದು ಕಷ್ಟ ನೆನಪಿರಬಹುದು. ಛಾವಣಿಯ ಭಾರ ಹೊರಲು ಪ್ರೇಕ್ಷಕರ ನಡುವೆಯೇ ಕಂಬಗಳಿರುತ್ತವೆ. ಕಂಬದ ಹಿಂದಿನ ಸೀಟು ಸಿಕ್ಕರೆ ಬೌಲರ್ ಓಡಿ ಬರುವುದು ಕಾಣುತ್ತದೆ, ಚೆಂಡು ಬಿದ್ದಿದ್ದು ಕಾಣುವುದಿಲ್ಲ. ಡಿ.ವೈ. ಪಾಟೀಲ್‌ನಲ್ಲಿ ಆ ತೊಂದರೆ ಇಲ್ಲ. ಇಲ್ಲಿನ ಛಾವಣಿ ಕ್ಯಾಂಟಿಲಿವರ್ ಮಾದರಿಯದು. ಮನೆಯ ಕಿಟಕಿಯ ಮೇಲಿನ ಸಜ್ಜಾ ಹೇಗೆ ಒಂದು ಬದಿ ಗೋಡೆಯೊಳಗೆ ಹೂತು, ಇನ್ನೊಂದು ಬದಿ ಯಾವ ಆಸರೆಯೂ ಇಲ್ಲದೆ ಚಾಚಿಕೊಂಡಿರುತ್ತದೋ, ಇದೂ ಹಾಗೆಯೇ. ಛಾವಣಿಯ ಪೂರ್ತಿ ಭಾರ ಹಿಂಬದಿಯ ಕಟ್ಟಡಕ್ಕೆ ಇಳಿಯುತ್ತದೆ. ಮುಂಬದಿ ಪ್ರೇಕ್ಷಕರ ತಲೆಯ ಮೇಲೆ ತೇಲಿದಂತೆ ಕಾಣುತ್ತದೆ.

ಹೇಳಿದಷ್ಟು ಸುಲಭದ ಕೆಲಸ ಇದಲ್ಲ. ಸಜ್ಜಾ ಎರಡು ಅಡಿ ಇದ್ದರೆ ಸಾಕು, ಕ್ರೀಡಾಂಗಣದ ಛಾವಣಿ ಹತ್ತಾರು ಸಾಲು ಆಸನಗಳನ್ನು ದಾಟಿ ಚಾಚಬೇಕು. ಚಾಚು ಹೆಚ್ಚಿದಷ್ಟೂ ಬುಡದ ಮೇಲಿನ ಒತ್ತಡ ಹೆಚ್ಚುತ್ತದೆ. ಕರಾವಳಿಯಲ್ಲಿ ಇನ್ನೊಂದು ಸವಾಲೂ ಇದೆ. ಮಳೆಗಾಲದ ಬಿರುಗಾಳಿ ಛಾವಣಿಯ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಆದ್ದರಿಂದ ಇಂಥ ಛಾವಣಿ ಭಾರಕ್ಕೆ ಬಾಗದಂತೆಯೂ ಇರಬೇಕು, ಗಾಳಿಗೆ ಏಳದಂತೆಯೂ ಇರಬೇಕು.

ಆಸನಗಳು ಬಟ್ಟಲಿನಂತೆ ಮೈದಾನವನ್ನು ಸುತ್ತುವರಿದಿವೆ. ಬೇರೆ ಬೇರೆ ಕಾಲದಲ್ಲಿ ಒಂದೊಂದೇ ಸ್ಟ್ಯಾಂಡ್ ಸೇರಿಸುತ್ತಾ ಬೆಳೆದ ಹಳೆಯ ಮೈದಾನಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. ಒಂದೇ ನಕ್ಷೆಯಲ್ಲಿ, ಒಂದೇ ಬಾರಿಗೆ ಕಟ್ಟಿದ್ದರಿಂದ ಎಲ್ಲಿ ಕುಳಿತರೂ ನೋಟ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಕೂಗು ಹೊರಗೆ ಚದುರದೆ ಒಳಗೇ ಸುತ್ತುತ್ತದೆ. ಟಿ.ವಿ.ಯಲ್ಲಿ ನೋಡಿದವರಿಗೂ ಇಲ್ಲಿನ ಸದ್ದು ಬೇರೆಯಾಗಿ ಕೇಳುವುದು ಇದಕ್ಕೇ.

ನೆಲದಡಿಯ ಕೆಲಸ

ಕಣ್ಣಿಗೆ ಕಾಣುವ ಛಾವಣಿಗಿಂತ ಕಾಣದ ನೆಲವೇ ಇಲ್ಲಿನ ಪಂದ್ಯಗಳನ್ನು ಹೆಚ್ಚು ಬಾರಿ ಉಳಿಸಿದೆ. ಇಲ್ಲಿನ ಔಟ್‌ಫೀಲ್ಡ್ ಮರಳು ಆಧಾರಿತ. ಜೇಡಿಮಣ್ಣಿನ ಮೈದಾನದಲ್ಲಿ ನೀರು ಮೇಲೆಯೇ ನಿಂತು ಕೆಸರಾಗುತ್ತದೆ. ಮರಳಿನ ಪದರದಲ್ಲಿ ಅದು ಬೇಗ ಕೆಳಗಿಳಿದು ಚರಂಡಿ ಸೇರುತ್ತದೆ.

ಇದರ ಪರೀಕ್ಷೆ ನಡೆದಿದ್ದು ವಿಶ್ವಕಪ್ ಫೈನಲ್ ದಿನವೇ. ಮಳೆಯಿಂದಾಗಿ ಆಟ ಶುರುವಾಗುವುದು ಎರಡು ಗಂಟೆ ತಡವಾಯಿತು. ಮಧ್ಯಾಹ್ನ 3ಕ್ಕೆ ಆರಂಭವಾಗಬೇಕಿದ್ದ ಪಂದ್ಯ ಸಂಜೆ 5ಕ್ಕೆ ಆರಂಭವಾಯಿತು. ಆದರೂ ಒಂದು ಓವರ್ ಕೂಡ ಕಡಿತವಾಗಲಿಲ್ಲ. ಹಾಗೆಂದು ಇಲ್ಲಿ ಮಳೆ ಎಂದೂ ಗೆದ್ದಿಲ್ಲ ಎನ್ನುವಂತಿಲ್ಲ. ಅದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ 26ರಂದು ಭಾರತ–ಬಾಂಗ್ಲಾದೇಶ ಪಂದ್ಯ ಮಳೆಯಿಂದ ಫಲಿತಾಂಶವಿಲ್ಲದೆ ಮುಗಿದಿತ್ತು. ಅದೇ ಪಂದ್ಯದಲ್ಲಿ ಕ್ಷೇತ್ರರಕ್ಷಣೆ ಮಾಡುವಾಗ ಕಾಲು ತಿರುಚಿ ಆರಂಭಿಕ ಆಟಗಾರ್ತಿ ಪ್ರತೀಕಾ ರಾವಲ್ ಟೂರ್ನಿಯಿಂದಲೇ ಹೊರಬಿದ್ದರು. ಅವರ ಬದಲಿಗೆ ಬಂದವರು ಶಫಾಲಿ ವರ್ಮಾ.

ಐಪಿಎಲ್ ಜತೆಗೇ ಹುಟ್ಟಿದ ಮೈದಾನ

2008ರ ಮಾರ್ಚ್ 4ರಂದು ಉದ್ಘಾಟನೆಯಾಯಿತು. ಮರುತಿಂಗಳೇ ಐಪಿಎಲ್ ಶುರು. ಏಪ್ರಿಲ್ 27ರಂದು ಇಲ್ಲಿ ನಡೆದ ಪಂದ್ಯದಲ್ಲಿ ಡೆಕ್ಕನ್ ಚಾರ್ಜರ್ಸ್‌ನ ಆ್ಯಡಂ ಗಿಲ್‌ಕ್ರಿಸ್ಟ್ ಮುಂಬೈ ಇಂಡಿಯನ್ಸ್ ವಿರುದ್ಧ 42 ಎಸೆತಗಳಲ್ಲಿ ಶತಕ ಬಾರಿಸಿ 10 ವಿಕೆಟ್‌ಗಳ ಜಯ ತಂದುಕೊಟ್ಟರು. ಜೂನ್ 1ರಂದು ಮೊದಲ ಐಪಿಎಲ್ ಫೈನಲ್ ಇಲ್ಲೇ ನಡೆಯಿತು. ಶೇನ್ ವಾರ್ನ್ ನಾಯಕತ್ವದ ರಾಜಸ್ಥಾನ ರಾಯಲ್ಸ್ ಕೊನೆಯ ಎಸೆತದಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ತಂಡವನ್ನು 3 ವಿಕೆಟ್‌ಗಳಿಂದ ಮಣಿಸಿತು. ಅರ್ಧಶತಕ ಮತ್ತು 3 ವಿಕೆಟ್ ಪಡೆದ ಯೂಸುಫ್ ಪಠಾಣ್ ಪಂದ್ಯಶ್ರೇಷ್ಠರಾದರು.

2010ರಲ್ಲಿ ಬೆಂಗಳೂರಿನ ನಂಟು ಬೆಳೆಯಿತು. ಆ ವರ್ಷದ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಡಿಮೆ ತೀವ್ರತೆಯ ಬಾಂಬ್‌ಗಳು ಸ್ಫೋಟಿಸಿದವು. ಭದ್ರತೆಯ ಕಾರಣಕ್ಕೆ ಅಲ್ಲಿ ನಡೆಯಬೇಕಿದ್ದ ಎರಡೂ ಸೆಮಿಫೈನಲ್‌ಗಳನ್ನು ನೆರೂಲ್‌ಗೆ ವರ್ಗಾಯಿಸಲಾಯಿತು. ತವರಿನಲ್ಲಿ ಆಡಬೇಕಿದ್ದ ಆರ್‌ಸಿಬಿ ಏಪ್ರಿಲ್ 21ರಂದು ಮುಂಬೈ ಇಂಡಿಯನ್ಸ್ ಎದುರು, ಮುಂಬೈ ಪ್ರೇಕ್ಷಕರ ನಡುವೆ ಆಡಿ 35 ರನ್‌ಗಳಿಂದ ಸೋತಿತು. ಮೂರು ದಿನಗಳ ನಂತರ ಮೂರನೇ ಸ್ಥಾನದ ಪಂದ್ಯದಲ್ಲಿ ಅನಿಲ್ ಕುಂಬ್ಳೆ 16 ರನ್‌ಗೆ 4 ವಿಕೆಟ್ ಕಿತ್ತು ಡೆಕ್ಕನ್ ಚಾರ್ಜರ್ಸ್ ತಂಡವನ್ನು 82ಕ್ಕೆ ಕಟ್ಟಿಹಾಕಿದ್ದು ಕನ್ನಡಿಗರ ಪಾಲಿಗೆ ಸಮಾಧಾನ. ಏಪ್ರಿಲ್ 25ರ ಫೈನಲ್‌ನಲ್ಲಿ ಚೆನ್ನೈ ತಂಡ ಮುಂಬೈಯನ್ನು 22 ರನ್‌ಗಳಿಂದ ಸೋಲಿಸಿತು.

ಸ್ವಂತ ಮನೆಯಿಲ್ಲದ ತಂಡಗಳಿಗೂ ಈ ಮೈದಾನ ಬಾಡಿಗೆ ಮನೆಯಾಗಿತ್ತು. ತೆಲಂಗಾಣ ಚಳವಳಿಯಿಂದಾಗಿ 2010ರಲ್ಲಿ ಹೈದರಾಬಾದ್ ಬಿಟ್ಟು ಆಡಬೇಕಾದ ಡೆಕ್ಕನ್ ಚಾರ್ಜರ್ಸ್ ಕೆಲವು ಪಂದ್ಯಗಳನ್ನು ಇಲ್ಲಿ ಆಡಿತು. 2011ರಲ್ಲಿ ಪುಣೆ ವಾರಿಯರ್ಸ್ ಕೂಡ ಇಲ್ಲಿಯೇ ತವರು ಪಂದ್ಯಗಳನ್ನು ಆಡಿತು. ಅಲ್ಲಿಂದಾಚೆಗೆ ಐಪಿಎಲ್ ಮತ್ತೆ ಇಲ್ಲಿಗೆ ಬರಲು 11 ವರ್ಷ ಬೇಕಾಯಿತು. ಕೋವಿಡ್ ಕಾರಣಕ್ಕೆ 2022ರ ಲೀಗ್ ಹಂತವನ್ನು ಮುಂಬೈ ಮತ್ತು ಪುಣೆಗೆ ಸೀಮಿತಗೊಳಿಸಿದಾಗ ನೆರೂಲ್‌ಗೆ 20 ಪಂದ್ಯಗಳು ಸಿಕ್ಕವು.

ಒಂದು ಎಸೆತವನ್ನೂ ಕಾಣದ ಅಂತಾರಾಷ್ಟ್ರೀಯ ಪಂದ್ಯ

ಪುರುಷರ ಅಂತಾರಾಷ್ಟ್ರೀಯ ಪಂದ್ಯವೊಂದು ಇಲ್ಲಿ ನಿಗದಿಯಾಗಿತ್ತು. 2009ರ ನವೆಂಬರ್ 11ರಂದು ಭಾರತ–ಆಸ್ಟ್ರೇಲಿಯಾ ಸರಣಿಯ ಏಳನೇ ಏಕದಿನ ಪಂದ್ಯ ನಡೆಯಬೇಕಿತ್ತು. ಅದೇ ದಿನ ಫ್ಯಾನ್ ಚಂಡಮಾರುತ ಕೊಂಕಣ ಕರಾವಳಿಗೆ ಅಪ್ಪಳಿಸಿತು. ಒಂದೇ ಒಂದು ಎಸೆತ ಕಾಣದೆ ಪಂದ್ಯ ರದ್ದಾಯಿತು. ಆಸ್ಟ್ರೇಲಿಯಾ ಅಷ್ಟರಲ್ಲಾಗಲೇ ಸರಣಿಯನ್ನು 4–2ರಿಂದ ಗೆದ್ದಿತ್ತು.

ನಂತರ ಪುರುಷರ ಪಂದ್ಯ ಇತ್ತ ಸುಳಿಯಲಿಲ್ಲ. ದೇಶದಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳು ಹಂಚಿಕೆಯಾಗುವುದು ರಾಜ್ಯ ಕ್ರಿಕೆಟ್ ಸಂಸ್ಥೆಗಳ ಮೂಲಕ. ಮುಂಬೈ ಪಾಲಿಗೆ ಬಂದ ಪಂದ್ಯವನ್ನು ಮುಂಬೈ ಕ್ರಿಕೆಟ್ ಸಂಸ್ಥೆ ತನ್ನದೇ ವಾಂಖೆಡೆಯಲ್ಲಿ ಆಡಿಸುತ್ತದೆ. ಖಾಸಗಿ ಒಡೆತನದ ನೆರೂಲ್, ವಾಂಖೆಡೆಗಿಂತ ಹೆಚ್ಚು ಆಸನಗಳಿದ್ದರೂ ಸರದಿಯ ಹೊರಗೇ ಉಳಿಯಿತು.

ಖಾಲಿ ಬಿದ್ದ ದಿನಗಳನ್ನು ತುಂಬಿದ್ದು ಬೇರೆ ಆಟ, ಬೇರೆ ಸದ್ದು. ಇಂಡಿಯನ್ ಸೂಪರ್ ಲೀಗ್‌ನ ಮೊದಲ ಎರಡು ಋತುಗಳಲ್ಲಿ ಮುಂಬೈ ಸಿಟಿ ಎಫ್‌ಸಿಗೆ ಇದು ತವರು ಮೈದಾನ. 2014ರ ಅಕ್ಟೋಬರ್ 18ರಂದು ಆಂಡ್ರೆ ಮೊರಿಟ್ಜ್ ಲೀಗ್‌ನ ಮೊದಲ ಹ್ಯಾಟ್ರಿಕ್ ಗೋಲು ಹೊಡೆದಿದ್ದು ಇಲ್ಲೇ. 2017ರ ಮೇ 10ರಂದು ಜಸ್ಟಿನ್ ಬೀಬರ್, 2019ರ ಡಿಸೆಂಬರ್ 15ರಂದು ಯು2, 2025ರ ಜನವರಿಯಲ್ಲಿ ಮೂರು ರಾತ್ರಿ ಕೋಲ್ಡ್‌ಪ್ಲೇ ಹಾಡಿದ್ದೂ ಇಲ್ಲೇ.

ದುಂಡು ಮೈದಾನದಲ್ಲಿ ಚೌಕದ ಆಟ

ಕ್ರಿಕೆಟ್‌ಗೆಂದು ಕಟ್ಟಿದ ಮೈದಾನದಲ್ಲಿ ಫುಟ್‌ಬಾಲ್ ಆಡಿಸುವುದು ಸುಲಭವಲ್ಲ. ದೊಡ್ಡ ಟೂರ್ನಿಗಳ ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲದ ಆಯತ. ಕ್ರಿಕೆಟ್ ಮೈದಾನ ದುಂಡು. ಆಯತವನ್ನು ದುಂಡಿನೊಳಗೆ ಇಟ್ಟರೆ ಅಗಲದ ಬದಿಯಲ್ಲಿ ತುಂಬ ಜಾಗ ಉಳಿದು, ಪ್ರೇಕ್ಷಕರು ಆಟದಿಂದ ದೂರವಾಗುತ್ತಾರೆ. ಜತೆಗೆ ನಡುವಿನ ಪಿಚ್ ಗಟ್ಟಿ ಜೇಡಿಮಣ್ಣಿನದು. ಅದರ ಮೇಲೆ ಹುಲ್ಲು ಹಬ್ಬಿಸಿ ಇಡೀ ಅಂಕಣವನ್ನು ಒಂದೇ ಹದಕ್ಕೆ ತರಬೇಕು.

ಇಷ್ಟೆಲ್ಲ ಇದ್ದೂ ಫಿಫಾ ಈ ಮೈದಾನವನ್ನು ಎರಡು ಬಾರಿ ಒಪ್ಪಿಕೊಂಡಿತು. ಭಾರತ ಆತಿಥ್ಯ ವಹಿಸಿದ ಮೊದಲ ಫಿಫಾ ಟೂರ್ನಿಯಾದ 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮೊದಲ ದಿನದ ಎರಡು ಪಂದ್ಯಗಳು ಇಲ್ಲಿ ನಡೆದವು. ಅಕ್ಟೋಬರ್ 25ರ ಸೆಮಿಫೈನಲ್‌ನಲ್ಲಿ ಸ್ಪೇನ್ 3–1ರಿಂದ ಮಾಲಿಯನ್ನು ಸೋಲಿಸಿತು. 2022ರ ಅಕ್ಟೋಬರ್ 30ರಂದು 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಫೈನಲ್ ಕೂಡ ನೆರೂಲ್‌ಗೇ ಬಂತು. ಸ್ಪೇನ್ 1–0ಯಿಂದ ಕೊಲಂಬಿಯಾವನ್ನು ಮಣಿಸಿತು.

ಅದೇ ವರ್ಷದ ಆರಂಭದಲ್ಲಿ ನಡೆದ ಎಎಫ್‌ಸಿ ಮಹಿಳಾ ಏಷ್ಯಾ ಕಪ್ ಮಾತ್ರ ಭಾರತಕ್ಕೆ ಕಹಿ. ಇರಾನ್ ಜತೆ ಗೋಲಿಲ್ಲದ ಡ್ರಾ ಸಾಧಿಸಿದ ಭಾರತ, ಜನವರಿ 23ರಂದು ಚೈನೀಸ್ ತೈಪೆ ವಿರುದ್ಧ ಕಣಕ್ಕಿಳಿಯಬೇಕಿತ್ತು. ತಂಡದಲ್ಲಿ ಕೋವಿಡ್ ಹರಡಿ ಬೇಕಾದಷ್ಟು ಆಟಗಾರ್ತಿಯರೇ ಉಳಿಯಲಿಲ್ಲ. ಆತಿಥೇಯ ತಂಡವೇ ಟೂರ್ನಿಯಿಂದ ಹೊರಬಿತ್ತು. ಫೆಬ್ರವರಿ 6ರ ಫೈನಲ್‌ನಲ್ಲಿ ಎರಡು ಗೋಲುಗಳ ಹಿನ್ನಡೆಯಿಂದ ಮೇಲೆದ್ದ ಚೀನಾ, ದಕ್ಷಿಣ ಕೊರಿಯಾವನ್ನು 3–2ರಿಂದ ಸೋಲಿಸಿತು.

ಮಹಿಳಾ ಕ್ರಿಕೆಟ್‌ಗೆ ಸಿಕ್ಕ ಮನೆ

ಪುರುಷರ ಪಂದ್ಯಗಳಿಗೆ ಬೇಡವಾದ ದೊಡ್ಡ ಮೈದಾನ ಮಹಿಳಾ ಕ್ರಿಕೆಟ್‌ಗೆ ವರವಾಯಿತು. ಮಹಿಳೆಯರ ಪಂದ್ಯ ಎಂದರೆ ಸಣ್ಣ ಊರಿನ ಸಣ್ಣ ಮೈದಾನ, ಬೆರಳೆಣಿಕೆಯ ಪ್ರೇಕ್ಷಕರು ಎಂಬುದು ಬಹುಕಾಲದ ರೂಢಿಯಾಗಿತ್ತು. 2022ರ ಡಿಸೆಂಬರ್‌ನಲ್ಲಿ ಆ ಲೆಕ್ಕ ತಲೆಕೆಳಗಾಯಿತು.

ಆಸ್ಟ್ರೇಲಿಯಾ ವಿರುದ್ಧದ ಟಿ20 ಸರಣಿಯ ಮೊದಲೆರಡು ಪಂದ್ಯಗಳಿಗೆ ಉಚಿತ ಪ್ರವೇಶವಿತ್ತು. ಡಿಸೆಂಬರ್ 11ರ ಭಾನುವಾರ ನಡೆದ ಎರಡನೇ ಪಂದ್ಯಕ್ಕೆ 45 ಸಾವಿರಕ್ಕೂ ಹೆಚ್ಚು ಜನ ಬಂದರು. ಪಂದ್ಯ ಟೈ ಆಗಿ ಸೂಪರ್ ಓವರ್‌ಗೆ ಹೋಯಿತು. ಸ್ಮೃತಿ ಮಂದಾನ ಅವರ 79 ರನ್‌ಗಳ ಬಲದಿಂದ ಅಲ್ಲಿಯವರೆಗೆ ಬಂದ ಭಾರತ ಗೆದ್ದೇ ಬಿಟ್ಟಿತು. ಜನ ಬರುವುದಿಲ್ಲ ಎನ್ನುವ ನೆಪ ಅಂದಿಗೆ ಮುಗಿಯಿತು.

ಮೂರು ತಿಂಗಳೊಳಗೆ, 2023ರ ಮಾರ್ಚ್ 4ರಂದು ಮಹಿಳಾ ಪ್ರೀಮಿಯರ್ ಲೀಗ್‌ನ ಮೊಟ್ಟಮೊದಲ ಪಂದ್ಯ ಇಲ್ಲಿ ನಡೆಯಿತು. ಅದು ಕ್ರೀಡಾಂಗಣ ಉದ್ಘಾಟನೆಯಾಗಿ ಸರಿಯಾಗಿ 15 ವರ್ಷ ತುಂಬಿದ ದಿನ. ಹರ್ಮನ್‌ಪ್ರೀತ್ ಕೌರ್ 30 ಎಸೆತಗಳಲ್ಲಿ 65 ರನ್ ಬಾರಿಸಿದರು. ಮುಂಬೈ ಇಂಡಿಯನ್ಸ್ 143 ರನ್‌ಗಳಿಂದ ಗುಜರಾತ್ ಜೈಂಟ್ಸ್ ತಂಡವನ್ನು ಸೋಲಿಸಿತು.

ಅದೇ ವರ್ಷ ಡಿಸೆಂಬರ್ 14ರಿಂದ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಪಂದ್ಯ. ಭಾರತದ ಮಹಿಳೆಯರು ತವರಿನಲ್ಲಿ ಅದಕ್ಕೂ ಮೊದಲು ಟೆಸ್ಟ್ ಆಡಿದ್ದು 2014ರ ನವೆಂಬರ್‌ನಲ್ಲಿ, ನಮ್ಮ ಮೈಸೂರಿನಲ್ಲಿ. ಒಂಬತ್ತು ವರ್ಷಗಳ ಬಳಿಕ ಬಂದ ಅವಕಾಶದಲ್ಲಿ ಕರ್ನಾಟಕದ ಶುಭಾ ಸತೀಶ್ ಪದಾರ್ಪಣೆ ಮಾಡಿ 69 ರನ್ ಗಳಿಸಿದರು. ಭಾರತ 428 ರನ್ ಪೇರಿಸಿತು. ದೀಪ್ತಿ ಶರ್ಮಾ ಮೊದಲ ಇನ್ನಿಂಗ್ಸ್‌ನಲ್ಲಿ ಬರೀ 7 ರನ್‌ಗೆ 5 ವಿಕೆಟ್ ಕಿತ್ತರು. ಮೂರನೇ ದಿನ ಮುಗಿದ ಪಂದ್ಯವನ್ನು ಭಾರತ 347 ರನ್‌ಗಳಿಂದ ಗೆದ್ದಿತು. ರನ್ ಅಂತರದಲ್ಲಿ ಮಹಿಳಾ ಟೆಸ್ಟ್ ಇತಿಹಾಸದ ಅತಿ ದೊಡ್ಡ ಗೆಲುವು ಅದು.

ಬೆಂಗಳೂರಿನಿಂದ ಬಂದ ವಿಶ್ವಕಪ್

2025ರ ವಿಶ್ವಕಪ್‌ನ ಮೊದಲ ವೇಳಾಪಟ್ಟಿಯ ಪ್ರಕಾರ ಸೆಪ್ಟೆಂಬರ್ 30ರ ಉದ್ಘಾಟನಾ ಪಂದ್ಯ ಮತ್ತು ಅಕ್ಟೋಬರ್ 30ರ ಸೆಮಿಫೈನಲ್ ಚಿನ್ನಸ್ವಾಮಿಯಲ್ಲಿ ನಡೆಯಬೇಕಿತ್ತು. ಫೈನಲ್‌ಗೆ ಬೆಂಗಳೂರು ಅಥವಾ ಕೊಲಂಬೊ ಎಂದು ನಿಗದಿಯಾಗಿತ್ತು. ಕಾಲ್ತುಳಿತದ ತನಿಖೆಗೆ ರಾಜ್ಯ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ, ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ಚಿನ್ನಸ್ವಾಮಿ ಸುರಕ್ಷಿತವಲ್ಲ ಎಂದು ವರದಿ ಕೊಟ್ಟಿತು. ಪಂದ್ಯಕ್ಕೆ ಬೇಕಾದ ಅನುಮತಿ ಸಿಗಲಿಲ್ಲ. ಆಗಸ್ಟ್ 22ರಂದು ಐಸಿಸಿ ಬೆಂಗಳೂರನ್ನು ಕೈಬಿಟ್ಟು ನವಿ ಮುಂಬೈ ಹೆಸರನ್ನು ಪ್ರಕಟಿಸಿತು. ಟೂರ್ನಿಗೆ ಉಳಿದಿದ್ದು ಆರು ವಾರಕ್ಕೂ ಕಡಿಮೆ ಸಮಯ.

ಆಮೇಲಿನದು ಎಲ್ಲರಿಗೂ ನೆನಪಿದೆ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ 338 ರನ್ ಗಳಿಸಿತು. ಮುಂಬೈ ಹುಡುಗಿ ಜೆಮಿಮಾ ರಾಡ್ರಿಗಸ್ ಅಜೇಯ 127, ಹರ್ಮನ್‌ಪ್ರೀತ್ 89 ರನ್ ಗಳಿಸಿದರು; ಭಾರತ 48.3 ಓವರ್‌ಗಳಲ್ಲಿ 5 ವಿಕೆಟ್‌ಗೆ 341 ರನ್ ಗಳಿಸಿ ಮಹಿಳಾ ಏಕದಿನ ಕ್ರಿಕೆಟ್‌ನ ಅತಿ ದೊಡ್ಡ ರನ್ ಚೇಸ್ ದಾಖಲಿಸಿತು. ಫೈನಲ್‌ನಲ್ಲಿ ಬದಲಿ ಆಟಗಾರ್ತಿ ಶಫಾಲಿ 87 ರನ್ ಮತ್ತು 2 ವಿಕೆಟ್, ದೀಪ್ತಿ 58 ರನ್ ಮತ್ತು 5 ವಿಕೆಟ್. ದಕ್ಷಿಣ ಆಫ್ರಿಕಾ ನಾಯಕಿ ಲಾರಾ ವೊಲ್ವಾರ್ಟ್ ಅವರ 101 ರನ್‌ಗಳ ಹೋರಾಟದ ನಡುವೆಯೂ ಭಾರತ 52 ರನ್‌ಗಳಿಂದ ಗೆದ್ದಿತು. ಕೊನೆಯ ಕ್ಯಾಚ್ ಹಿಡಿದಿದ್ದು ನಾಯಕಿ ಹರ್ಮನ್‌ಪ್ರೀತ್. ಪಂದ್ಯ ನೋಡಿದವರು ಸುಮಾರು 40 ಸಾವಿರ ಜನ.

2026ರ ಜನವರಿ 9ರಂದು ಮಹಿಳಾ ಪ್ರೀಮಿಯರ್ ಲೀಗ್‌ನ ಹೊಸ ಋತು ಇದೇ ಮೈದಾನದಲ್ಲಿ ಶುರುವಾಯಿತು. ಮುಂಬೈ ಇಂಡಿಯನ್ಸ್ ವಿರುದ್ಧದ ಆ ಪಂದ್ಯವನ್ನು ಆರ್‌ಸಿಬಿ 3 ವಿಕೆಟ್‌ಗಳಿಂದ ಗೆದ್ದಿತು.

ತಲುಪುವುದು ಹೇಗೆ?

ಸಿಎಸ್‌ಎಂಟಿ ಕಡೆಯಿಂದ ಬರುವವರು ಹಾರ್ಬರ್ ಮಾರ್ಗದ ಪನ್ವೇಲ್ ಅಥವಾ ಬೇಲಾಪುರ ಲೋಕಲ್ ಹಿಡಿದು ಜುಯಿನಗರ ಅಥವಾ ನೆರೂಲ್‌ನಲ್ಲಿ ಇಳಿಯಬಹುದು. ಕಲ್ಯಾಣ, ಡೊಂಬಿವಲಿಯವರು ಠಾಣೆಯಲ್ಲಿ ಟ್ರಾನ್ಸ್‌ಹಾರ್ಬರ್ ರೈಲು ಹತ್ತಬೇಕು. ನಿಲ್ದಾಣದಿಂದ ಆಟೊ ಸಿಗುತ್ತದೆ. ಪಂದ್ಯದ ದಿನ ಬಹುತೇಕರು ನಡೆದೇ ಹೋಗುತ್ತಾರೆ. ಹೆದ್ದಾರಿ ಪಕ್ಕದಲ್ಲೇ ಇರುವುದು ಅನುಕೂಲವೂ ಹೌದು, ತಲೆನೋವೂ ಹೌದು. ದೊಡ್ಡ ಪಂದ್ಯ ಅಥವಾ ಸಂಗೀತ ಕಾರ್ಯಕ್ರಮದ ದಿನ ಸಯಾನ್–ಪನ್ವೇಲ್ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟುತ್ತವೆ. ಸ್ವಂತ ಕಾರಿಗಿಂತ ಲೋಕಲ್ ರೈಲೇ ವಾಸಿ. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೂ ಕಾರ್ಯಾರಂಭ ಮಾಡಿರುವುದರಿಂದ ಹೊರ ಊರಿನವರಿಗೆ ದಾರಿ ಇನ್ನಷ್ಟು ಹತ್ತಿರವಾಗಿದೆ.

ಬೆಂಗಳೂರಿಗೆ ಇದರಿಂದ ಏನು ಪಾಠ?

ಚಿನ್ನಸ್ವಾಮಿ ಮತ್ತು ಡಿ.ವೈ. ಪಾಟೀಲ್ ನಡುವೆ ಆಸನಗಳ ಸಂಖ್ಯೆಯಲ್ಲಿ ಅಂಥ ಭಾರಿ ಅಂತರವೇನಿಲ್ಲ. ಅಂತರ ಇರುವುದು ಗೇಟಿನ ಹೊರಗೆ. 1970ರ ದಶಕದಲ್ಲಿ ಕಟ್ಟಿದ ಚಿನ್ನಸ್ವಾಮಿಯ ಸುತ್ತ ಈಗ ನಗರದ ಅತ್ಯಂತ ದಟ್ಟಣೆಯ ರಸ್ತೆಗಳಿವೆ. ಗೇಟು ತೆರೆಯುವುದು ನೇರವಾಗಿ ಪಾದಚಾರಿ ಮಾರ್ಗಕ್ಕೆ. ಜನ ಸಾಲುಗಟ್ಟಿ ನಿಲ್ಲಲು ಜಾಗವಿಲ್ಲ. ಡಿ'ಕುನ್ಹಾ ಆಯೋಗದ ವರದಿ ಬೊಟ್ಟು ಮಾಡಿದ್ದೂ ಇದನ್ನೇ: ಸಾಲು ನಿಲ್ಲಲು ಪ್ರತ್ಯೇಕ ಜಾಗ, ಸಾಕಷ್ಟು ಪ್ರವೇಶ ಮತ್ತು ನಿರ್ಗಮನ ದ್ವಾರಗಳು, ಸಾರ್ವಜನಿಕ ಸಾರಿಗೆ ಸಂಪರ್ಕ, ತುರ್ತು ತೆರವಿನ ಯೋಜನೆ, ವಾಹನ ನಿಲುಗಡೆ. ನೆರೂಲ್‌ನಲ್ಲಿ ಪ್ರೇಕ್ಷಕರು ರಸ್ತೆಯಿಂದ ಮೊದಲು ವಿಶಾಲವಾದ ಆವರಣಕ್ಕೆ ಬರುತ್ತಾರೆ, ಅಲ್ಲಿಂದ ಗೇಟಿಗೆ. ರಸ್ತೆ ಮತ್ತು ಗೇಟಿನ ನಡುವಿನ ಈ ಜಾಗವೇ ನೂಕುನುಗ್ಗಲನ್ನು ಹೀರಿಕೊಳ್ಳುವುದು.

ಬೆಂಗಳೂರು ಹೊರವಲಯದ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರೀಡಾ ಸಂಕೀರ್ಣ ಕಟ್ಟುವ ಪ್ರಸ್ತಾವವನ್ನು ಕರ್ನಾಟಕ ಸರ್ಕಾರ 2025ರಲ್ಲಿ ಮುಂದಿಟ್ಟಿದೆ. ಅದು ಭಾರತದ ದೊಡ್ಡ ಕ್ರೀಡಾಂಗಣಗಳ ಸಾಲಿಗೆ ಸೇರಲಿದೆ ಎಂಬುದೇ ಸುದ್ದಿಯ ತಲೆಬರಹವಾಯಿತು. ಆದರೆ ಮೈದಾನಕ್ಕೆ ಹೋದವರು ಕ್ಷೇಮವಾಗಿ ಮನೆ ಸೇರುವುದು ಆಸನಗಳ ಸಂಖ್ಯೆಯಿಂದ ನಿರ್ಧಾರವಾಗುವುದಿಲ್ಲ. ನೀಲನಕ್ಷೆ ಹೊರಬಿದ್ದಾಗ ಬೆಂಗಳೂರಿನ ಅಭಿಮಾನಿಗಳು ಮೊದಲು ನೋಡಬೇಕಾದ್ದು ಎರಡನ್ನು: ಗೇಟಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದಾರೆ, ಮೆಟ್ರೊ ಅಥವಾ ರೈಲು ನಿಲ್ದಾಣ ಎಷ್ಟು ಹತ್ತಿರವಿದೆ.